ಪರದೆಯ ಮುಂದಿನ ಚಪ್ಪಲಿ

ಬಿಸಿಯಾದ ಧೂಳಿಗೆ ಒಂದು ವಾಸನೆ ಇರುತ್ತದೆ. ಹಳೇ ಡಬ್ಬಿ ಕಂಪ್ಯೂಟರಿನ ಬೆನ್ನ ಹಿಂದೆ ಕೂತವರಿಗೆ ಅದು ಗೊತ್ತು. ಪ್ಲಾಸ್ಟಿಕ್ಕೇ ಬೆವೆತ ಹಾಗೆ, ಬಿಸಿಲಿಗೆ ಕಾದ ಕೊಡೆಯ ಹಾಗೆ. ಹೋದ ವಾರ ನಮ್ಮೂರ ಗಾಂಧಿನಗರದ ಒಂದು ಆನ್‌ಲೈನ್ ಸೆಂಟರಿನಲ್ಲಿ ಸರದಿಗೆ ನಿಂತಿದ್ದಾಗ ಆ ವಾಸನೆ ಬಂತು. ನನ್ನ ಮುಂದೆ ಒಬ್ಬ ಹುಡುಗಿ ಯಾವುದೋ ಅರ್ಜಿ ಹಾಕಿಸುತ್ತಿದ್ದಳು. ಕಂಪ್ಯೂಟರಿನ ಮುಂದೆ ಕೂತವನು ಅವಳ ಪಾಸ್‌ವರ್ಡನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಕೇಳಿದ. ಅವಳು ಪಿಸುಗುಟ್ಟಿದ್ದನ್ನು ಇವನು ಮತ್ತೆ ಕೂಗಿ ಖಾತ್ರಿ ಮಾಡಿಕೊಂಡ. ಸರದಿಯಲ್ಲಿದ್ದವರೆಲ್ಲ ಅವಳ ಹೆಗಲ ಮೇಲಿಂದ ಕತ್ತು ಚಾಚಿ ಅವಳ ಅಂಕ, ಅವಳ ಜಾತಿ, ಅವಳಪ್ಪನ ವರಮಾನ ಎಲ್ಲ ಓದಿಕೊಂಡರು. ಒಬ್ಬರಂತೂ ಇಷ್ಟು ಮಾರ್ಕ್ಸಿಗೆ ಸೀಟು ಸಿಗುವುದಿಲ್ಲ ಬಿಡವ್ವ ಎಂದು ಪುಕ್ಕಟೆ ತೀರ್ಪನ್ನೂ ಕೊಟ್ಟರು. ನನಗೆ ಮೈ ಉರಿಯಿತು. ಸ್ವಲ್ಪ ಹಿಂದೆ ಸರಿಯಿರಿ, ಅದು ಅವಳ ಕಾಗದ ಎಂದೆ. ಎಲ್ಲರೂ ನನ್ನನ್ನು ತಲೆ ಕೆಟ್ಟವಳ ಹಾಗೆ ನೋಡಿದರು.

ನಮ್ಮ ಅಜ್ಜಿ ಇದ್ದಿದ್ದರೆ ಅವರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದಳು.

ನಾನು ಸಣ್ಣವಳಿದ್ದಾಗ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಚಿಗಪ್ಪ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ಕಡಪಕಲ್ಲಿನ ನೆಲ, ಗೋಡೆಗುಂಟ ಕಂಪ್ಯೂಟರುಗಳು, ಒಂದೊಂದರ ಸುತ್ತ ಅಜ್ಜಿಯ ಹಳೇ ಸೀರೆ ಹರಿದು ಹೊಲಿದ ಪರದೆ. ಆ ಪರದೆಗಳಿಗೆ ಅಜ್ಜಿ ಅನ್ನದ ಗಂಜಿ ಹಾಕಿ ಒಣಗಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರುಗಳು ಕಾದು ಆ ಗಂಜಿಯ ವಾಸನೆಯೂ ಧೂಳಿನ ವಾಸನೆಯೂ ಕೂಡಿಕೊಂಡು ಪಡಸಾಲೆಯೆಲ್ಲ ತುಂಬಿರುತ್ತಿತ್ತು. ನನಗೆ ಇಂಟರ್‌ನೆಟ್ ಎಂದರೆ ಇವತ್ತಿಗೂ ಮೊದಲು ಆ ವಾಸನೆ, ಉಳಿದದ್ದೆಲ್ಲ ಆಮೇಲೆ.

ಅಜ್ಜಿಗೆ ಕಂಪ್ಯೂಟರೆಂದರೆ ಏನೆಂದು ಕಡೆಯವರೆಗೂ ತಿಳಿಯಲಿಲ್ಲ. ಆದರೆ ಅದರ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬ ಕಟ್ಟಳೆ ಮಾಡಿದವಳು ಅವಳೇ. ಆ ಕಟ್ಟಳೆ ಬಂದದ್ದು ನಮ್ಮ ಬಚ್ಚಲಿನಿಂದ. ಅಷ್ಟು ಮಂದಿಯ ಮನೆಗೆ ಒಂದೇ ಬಚ್ಚಲು, ಅದಕ್ಕೆ ಬಾಗಿಲಿಲ್ಲ, ಚಿಲಕವಿಲ್ಲ. ಒಂದು ಗೋಣಿತಟ್ಟಿನ ಪರದೆ ಅಷ್ಟೇ. ಒಳಗೆ ಹೋದವರು ಚಪ್ಪಲಿಯನ್ನು ಪರದೆಯ ಮುಂದೆ ಬಿಟ್ಟಿರಬೇಕು, ಹೊರಗಿನಿಂದ ಬಂದವರು ಕೆಮ್ಮಬೇಕು. ಚಪ್ಪಲಿ ಇದೆಯೆಂದರೆ ಮುಗಿಯಿತು, ಆ ಜಾಗ ಅವರದು. ಅಷ್ಟು ವರ್ಷದಲ್ಲಿ ಒಂದು ದಿನವೂ ಯಾರೂ ಯಾರ ಮಾನಕ್ಕೂ ಕುಂದು ತರಲಿಲ್ಲ. ಅದನ್ನೇ ಅಜ್ಜಿ ಪಡಸಾಲೆಗೂ ತಂದಳು. ಗಿರಾಕಿಗಳು ಪರದೆಯ ಮುಂದೆ ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಎದ್ದು ನೀರು ಕುಡಿಯಲು ಹೋದರೂ ಚಪ್ಪಲಿ ಅಲ್ಲೇ, ಅವರ ಜಾಗವೂ ಅಲ್ಲೇ. ಚಿಗಪ್ಪ ಪ್ರಿಂಟ್ ತೆಗೆದ ಹಾಳೆಯನ್ನು ಬೋರಲು ಹಾಕಿ ಕೊಡುತ್ತಿದ್ದ. ಹೊಸಬರಿಗೆ, ಎದ್ದು ಹೋಗುವಾಗ ನಿಮ್ಮ ಬಾಗಿಲು ನೀವೇ ಹಾಕಿಕೊಂಡು ಹೋಗಿರಿ ಎಂದು ಮೇಲ್ ಮುಚ್ಚುವುದನ್ನು ಕಲಿಸುತ್ತಿದ್ದ. ಕುರುಗೋಡಿನಿಂದ ಬರುತ್ತಿದ್ದ ಒಬ್ಬ ಹಿರಿಯರು ಈ ಕಟ್ಟಳೆಯನ್ನು ಎಷ್ಟು ಹಚ್ಚಿಕೊಂಡರೆಂದರೆ, ಕೂತು ಮೌಸ್ ಮುಟ್ಟುವ ಮೊದಲು ಮಾನಿಟರಿಗೂ ಒಮ್ಮೆ ಕೆಮ್ಮುತ್ತಿದ್ದರು.

‘ಯಜಮಾನ್ರ, ಮಷೀನಿಗೆ ಕೆಮ್ಮೋದು ಬ್ಯಾಡ್ರಿ, ಅದಕ್ಕ ನೆಗಡಿ ಬರ್ತೈತಿ’ ಎಂದು ಚಿಗಪ್ಪ ಛೇಡಿಸಿದರೆ, ‘ಒಳಗ ಯಾರ ಅದಾರೋ ಯಾರಿಗೆ ಗೊತ್ತಪ್ಪಾ’ ಎನ್ನುತ್ತಿದ್ದರು ಅವರು.

ಹುಡುಗಿಯರು ದೂರದೂರದಿಂದ ನಮ್ಮಲ್ಲಿಗೇ ಬರುತ್ತಿದ್ದುದು ಅದಕ್ಕೇ. ಫಲಿತಾಂಶ ನೋಡಿ ಅಳುವವರು ಪರದೆಯೊಳಗೇ ಅತ್ತು, ಮುಖ ಒರೆಸಿಕೊಂಡು, ನಗುತ್ತ ಹೊರಗೆ ಬರುತ್ತಿದ್ದರು.

ಮೂಲೆಯ ಕಂಪ್ಯೂಟರು ಶಕ್ಕತ್ತೆಯದು. ಅಪ್ಪನ ಕೊನೆಯ ತಂಗಿ. ಅವಳ ನಿಜವಾದ ಹೆಸರು ಅದಲ್ಲ. ನಿಜವಾದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಸಣ್ಣಂದಿನಿಂದ ಆಗೊಮ್ಮೆ ಈಗೊಮ್ಮೆ ಮೂರ್ಛೆ ಬರುತ್ತಿತ್ತು. ಗುಳಿಗೆ ತಗೊಂಡರೆ ತಡೆದಿರುತ್ತಿತ್ತು. ಮನೆಯವರ ಹೊರತು ಯಾರಿಗೂ ಅದು ಗೊತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವಳಿಗೆ ಕುರುಗೋಡಿನ ಒಂದು ಸಂಬಂಧ ಬಂದಿತ್ತು. ತಂದವರು ಅಜ್ಜಿಯ ಒಡಹುಟ್ಟಿದ ತಮ್ಮ, ಮನೆಮಂದಿಯೆಲ್ಲ ಸಿರುಗುಪ್ಪದ ಮಾವ ಎಂದು ಕರೆಯುತ್ತಿದ್ದವರು. ಹುಡುಗ ಒಳ್ಳೆಯವನಿದ್ದ. ಒಮ್ಮೆ ಬಂದು ನೋಡಿ, ನಾಲ್ಕು ಮಾತಾಡಿ, ಮತ್ತೆ ಬರುತ್ತೇನೆಂದು ಹೋಗಿದ್ದ. ಮೂರ್ಛೆಯ ಮಾತನ್ನು ಯಾರ ಮೂಲಕ ತಿಳಿಸುವುದು ಎಂದು ಅಡುಗೆಮನೆಯಲ್ಲಿ ಗುಸುಗುಸು ನಡೆದಾಗ ಶಕ್ಕತ್ತೆ ಕುಸುಬಿ ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಹೇಳಿದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ.

‘ಯಾರೂ ಹೇಳೋದು ಬ್ಯಾಡ್ರಿ. ಈ ಸಲ ಬಂದಾಗ ನಾನಾ ಹೇಳ್ತೀನಿ. ನನ್ನ ಬಾಯಿಂದಾನ ಕೇಳ್ಲಿ. ಕೇಳಿ ಒಲ್ಲೆ ಅಂದ್ರ ಅನ್ಲಿ.’

ಅದಕ್ಕಾಗಿಯೇ ಅವಳು ದಿನಾ ಮಧ್ಯಾಹ್ನ ಮೂಲೆಯ ಪರದೆಯೊಳಗೆ ಕೂತು ಓದುತ್ತಿದ್ದುದು. ಅವನು ಏನು ಕೇಳಿದರೆ ಏನು ಹೇಳಬೇಕು ಎಂದು ತಿಳಿದುಕೊಳ್ಳಲು. ಮುಚ್ಚಿಡಲು ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಮುಚ್ಚಿಟ್ಟಳು ಎಂದೇ ಆಡಿಕೊಂಡರು.

ಒಂದು ಮಧ್ಯಾಹ್ನ ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಶಕ್ಕತ್ತೆ ಎದ್ದು ಬರಿಗಾಲಲ್ಲಿ ಒಳಕ್ಕೆ ಓಡಿದಳು. ಚಪ್ಪಲಿ ಪರದೆಯ ಮುಂದೆಯೇ ಇತ್ತು. ಆ ಮನೆಯಲ್ಲಿ ಅದು ಬೀಗಕ್ಕಿಂತ ಗಟ್ಟಿ ಎಂದು ಅವಳು ನಂಬಿದ್ದಳು. ಅದೇ ಹೊತ್ತಿಗೆ ಸಿರುಗುಪ್ಪದ ಮಾವ ಬಸ್ಸಿಳಿದು ಬಂದರು. ಎಂದಿನಂತೆ ತಮ್ಮ ಗದ್ದೆಯ ಅಕ್ಕಿಯ ಚೀಲ ಕೆಳಗಿಟ್ಟು, ಫ್ಯಾನಿನ ಕೆಳಗೆ ಬೆವರು ಒರೆಸಿಕೊಂಡು, ಶಕ್ಕು ಎಲ್ಲಿ ಎಂದು ಮೂಲೆಗೆ ನಡೆದರು. ಚಪ್ಪಲಿ ನೋಡಿದರು. ಕೆಮ್ಮಲಿಲ್ಲ. ಪರದೆಯನ್ನು ಒಂದು ಬೆರಳಲ್ಲಿ ಎತ್ತಿದರು. ಒಳಗೆ ಶಕ್ಕತ್ತೆ ಇರಲಿಲ್ಲ, ಉರಿಯುವ ಮಾನಿಟರು ಇತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬರದಿದ್ದರೆ ಪರದೆ ಬಿಟ್ಟು ಬರಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಕಾಲೇಜಿನ ಹುಡುಗನನ್ನು ಕರೆದರು.

‘ಲೇ ತಮ್ಮಾ, ಇಲ್ಲಿ ಬಾ. ನಮ್ಮ ಹುಡುಗಿ ಏನ ಓದಾಕತ್ತಾಳ, ಒಂದೀಟು ಬಿಡಿಸಿ ಹೇಳು.’

ಆ ಹುಡುಗ ಚಿಗಪ್ಪನ ಮುಖ ನೋಡಿದ. ಚಿಗಪ್ಪ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳದೇ ಇದ್ದ ಹಾಳೆಯನ್ನು ಸಿಕ್ಕಿಕೊಂಡ ಹಾಗೆ ಎಳೆಯತೊಡಗಿದ. ಹಿರಿಯರು, ಸೋದರಮಾವ, ಸಂಬಂಧ ತಂದವರು. ಅವರ ಕೈಯಿಂದ ಪರದೆ ಬಿಡಿಸುವುದು ಹೇಗೆ? ಹುಡುಗನಿಗೂ ಅಷ್ಟೇ, ದೊಡ್ಡವರು ಓದು ಎಂದರೆ ಓದಬೇಕು. ಓದಿದ. ಕನ್ನಡ ಮಾಡಿಯೂ ಹೇಳಿದ. ‘ಮೂರ್ಛಿ ರೋಗ ಇರೋರು ಮದಿವಿ ಆಗಬೌದಾ, ಮಕ್ಕಳಿಗೂ ಬರ್ತೈತಾ ಅಂತ ಐತ್ರಿ’ ಎಂದ. ಪಡಸಾಲೆಯಲ್ಲಿದ್ದವರೆಲ್ಲರ ಟೈಪಿಂಗ್ ಸದ್ದು ನಿಂತಿತು.

ಶಕ್ಕತ್ತೆ ಒಳಬಾಗಿಲ ಹೊಸ್ತಿಲ ಮೇಲೆ ಒದ್ದೆ ಕೈಯಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮೂಲೆಯವರೆಗೆ ನಡೆದು ಬಂದು, ತನ್ನದೇ ಪರದೆಯ ಮುಂದೆ ನಿಂತು, ಕೆಮ್ಮಿದಳು. ಸಿರುಗುಪ್ಪದ ಮಾವ ಸರಿದು ನಿಂತರು. ಅವಳು ಕಂಪ್ಯೂಟರ್ ಆರಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು.

ಮಾವ ಊಟಕ್ಕೂ ನಿಲ್ಲದೆ ಕುರುಗೋಡಿನ ಬಸ್ಸು ಹಿಡಿದರು. ಸಂಜೆಯೇ ಅಲ್ಲಿಂದ ಫೋನು ಬಂತು, ಈ ಸಂಬಂಧ ಬೇಡವೆಂದು. ಫೋನು ಮಾಡಿದ್ದು ಹುಡುಗನಲ್ಲ, ಅವನ ದೊಡ್ಡಪ್ಪ. ಮುಂದಿನ ಸಲ ಮಾವ ಬಂದಾಗ ಅಜ್ಜಿ ಅಕ್ಕಿಯ ಚೀಲವನ್ನು ಹೊಸ್ತಿಲಾಚೆಗೇ ನಿಲ್ಲಿಸಿದಳು.

‘ನಾ ಎಲ್ಲಿ ಓದೀನಬೇ, ಆ ಹುಡುಗ ಓದ್ಯಾನ’ ಎಂದರು ಮಾವ. ‘ನಮ್ಮ ನಮ್ಮ ಮಂದ್ಯಾಗ ಮುಚ್ಚಿಡಾದ ಏನೈತಿ?’

‘ಹಂಗಾರ ನಮ್ಮ ಬಚ್ಚಲಕ್ಕೂ ಕೆಮ್ಮಲಾರ್ದ ಬರ್ತಿದ್ದೇನಲೇ?’ ಎಂದಳು ಅಜ್ಜಿ.

ಅವರು ನಕ್ಕುಬಿಟ್ಟರು. ಬಳಗವೆಲ್ಲ ಅವರ ಕಡೆಯೇ ನಿಂತಿತು. ದೊಡ್ಡವರು ಕಣ್ಣಿಗೆ ಬಿದ್ದದ್ದನ್ನು ಹೇಳಿದ್ದಾರೆ, ಪರದೆ ಇದ್ದದ್ದಕ್ಕೇ ಅಲ್ಲವೇ ಹುಡುಗಿಯರು ಹೀಗೆ ಕದ್ದು ಓದುವುದು ಎಂದರು. ಕೆಲವು ದಿನಕ್ಕೆ ಚಿಗಪ್ಪ ಪರದೆಗಳನ್ನು ಬಿಚ್ಚಿದ. ಹುಡುಗಿಯರು ಬರುವುದು ನಿಂತಿತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂದು ಉಳಿದವರೂ ನಿಂತರು. ಅಜ್ಜಿ ಹೋದಳು, ಮನೆ ಪಾಲಾಯಿತು, ಬಿತ್ತು. ಈಗ ಆ ಜಾಗದಲ್ಲಿ ಫೋನು ರಿಪೇರಿಯ ಅಂಗಡಿ ಇದೆ. ಬಚ್ಚಲಿದ್ದಲ್ಲಿ ಕವರು, ಚಾರ್ಜರು ತೂಗುಹಾಕಿದ್ದಾರೆ.

ಸಂಬಂಧ ಮುರಿಯಿತೆಂದು ನನಗೆ ಸಿಟ್ಟಲ್ಲ. ಅವಳೇ ಹೇಳಿದ್ದರೂ ಆ ಹುಡುಗ ಒಲ್ಲೆ ಎನ್ನಬಹುದಿತ್ತು, ಅದು ಅವನ ಹಕ್ಕು. ಆದರೆ ಹೇಳುವುದು ಅವಳ ಹಕ್ಕಾಗಿತ್ತು. ಅದನ್ನು ನಮ್ಮವರೇ, ನಮ್ಮವರು ಎಂಬ ಒಂದೇ ಸಲುಗೆಯಲ್ಲಿ, ಒಂದು ಬೆರಳಲ್ಲಿ ಎತ್ತಿ ಕಿತ್ತುಕೊಂಡರು. ಕಳ್ಳನಾದರೂ ಕದಿಯುವಾಗ ಹೆದರುತ್ತಾನೆ. ಇವರು ಫ್ಯಾನಿನ ಗಾಳಿಗೆ ನಿಂತು ಬೆವರು ಒರೆಸಿಕೊಳ್ಳುತ್ತ ಕದ್ದರು.

ಶಕ್ಕತ್ತೆ ಬಾದನಹಟ್ಟಿಗೆ ಹೋಗಿ ಹೊಲಿಗೆ ಮಷೀನು ಹಾಕಿಕೊಂಡು ಒಬ್ಬಳೇ ಇದ್ದಳು. ಅಳತೆ ಕೊಡುವವರಿಗೆಂದು ಒಂದು ಪರದೆ ಕಟ್ಟಿದ್ದಳು, ಅದಕ್ಕೂ ಗಂಜಿ ಹಾಕುತ್ತಿದ್ದಳು. ನಾನು ಹೋದಾಗಲೆಲ್ಲ ಬಾಗಿಲಲ್ಲಿ ಕೆಮ್ಮಿದರೆ ಒಳಗಿನಿಂದ ‘ಬಾರವ್ವ’ ಎನ್ನುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಒಮ್ಮೆ, ಸಿರುಗುಪ್ಪದ ಮಾವನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

‘ಆ ಕುರುಗೋಡಿನ ಹುಡುಗಗ ಹೇಳಾಕ ಅಂತ ಮಾತು ಜೋಡಿಸಿಟ್ಟಿದ್ದೆ ನೋಡು. ಭಾಳ ಚಂದ ಜೋಡಿಸಿದ್ದೆ. ಅದು ಹಂಗ ಉಳೀತು.’

ಏನು ಮಾತು ಅದು ಅತ್ತೆ ಎಂದೆ.

‘ಅದು ನಿನಗ ಹೇಳೋದಲ್ಲ’ ಎಂದು ದಾರ ಕಚ್ಚಿ ಕತ್ತರಿಸಿದಳು.

ನಾನು ಮತ್ತೆ ಕೇಳಲಿಲ್ಲ. ಹೋದ ವರ್ಷ ಜ್ವರ ಬಂದು ಶಕ್ಕತ್ತೆ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ, ಮೂರ್ಛೆಯಿಂದಲೇ ಹೋದಳೇ ಎಂದು ಕೇಳಿದವರಿದ್ದರು. ಅವರಿಗೆ ನಾನು ಉತ್ತರ ಕೊಡಲಿಲ್ಲ. ಅವಳು ಜೋಡಿಸಿಟ್ಟ ಆ ಮಾತು ಏನಿತ್ತೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಾಗುವುದು ಬೇಡ. ಎಲ್ಲರೂ ಹೋದ ಮೇಲೆ ಅವಳ ಚಪ್ಪಲಿಯನ್ನು ತಂದು ಅಳತೆಗೆಂದು ಅವಳು ಕಟ್ಟಿದ್ದ ಪರದೆಯ ಮುಂದೆ ಜೋಡಿಸಿ ಇಟ್ಟು ಬಂದೆ.