ಗೇಟಿನ ವೆಂಕಮ್ಮ ಮತ್ತು ಹಿತ್ತಾಳೆ ಬಿಲ್ಲೆ

ರಾಯಚೂರಿನ ಆ ಹುಡುಗಿಯರ ಹಾಸ್ಟೆಲಿನ ಗೇಟು ಕಾಯುತ್ತಿದ್ದ ವೆಂಕಮ್ಮನ ಬಾಯಿ ಎಷ್ಟು ಜೋರೆಂದರೆ, ತರಕಾರಿ ಬಂಡಿಯವರು ಆ ಓಣಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದರು. ಹಿತ್ತಾಳೆ ಬಿಲ್ಲೆಯ ಮುಂದೆ ಮಾತ್ರ ಆ ಬಾಯಿ ನಡೆಯುತ್ತಿರಲಿಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ಯಾರೋ ಸೋದರಮಾವನೆಂದು ಸುಳ್ಳು ಹೇಳಿ ಹುಡುಗಿಯೊಬ್ಬಳನ್ನು ಕರೆದೊಯ್ದ ಮೇಲೆ ವಾರ್ಡನ್ನಮ್ಮ ಮಾಡಿದ ಏರ್ಪಾಡು ಅದು. ಒಬ್ಬೊಬ್ಬ ಹುಡುಗಿಗೂ ನಂಬರು ಹಾಕಿದ ಒಂದು ಬಿಲ್ಲೆ. ಅದು ಅವಳ ಮನೆಯಲ್ಲಿರಬೇಕು. ತಂದು ತೋರಿಸಿದವರಿಗಷ್ಟೇ ಹುಡುಗಿ ಸಿಗುವುದು.

ನೀರಮಾನ್ವಿಯ ಅಮರಮ್ಮ ಗಂಡ ಸತ್ತ ಮೇಲೆ ಭತ್ತದ ಗದ್ದೆಯಲ್ಲಿ ಕೂಲಿ ಮಾಡಿ ಮಗಳು ಸೂಗಮ್ಮನನ್ನು ಇಲ್ಲಿ ಓದಿಸುತ್ತಿದ್ದಳು. ಒಮ್ಮೆ ಗಡಿಬಿಡಿಯಲ್ಲಿ ಬಿಲ್ಲೆ ಮರೆತು ಬಂದಳು.

“ಯಕ್ಕಾ, ನನ್ನ ಮಾರಿ ನಿನಗ ಗೊತ್ತಿಲ್ಲೇನು?”

“ಗೊತ್ತದ ಬೇ. ಬಿಲ್ಲಿ ಇಲ್ಲಂದ್ರ ನಾ ಏನ್ ಮಾಡ್ಲಿ?”

ತಂದ ರೊಟ್ಟಿಗಂಟು ಒಳಗೆ ಹೋಯಿತು, ತಾಯಿ ಹೊರಗೇ ಉಳಿದಳು.

ಮುಂದಿನ ಸಲ ಅಮರಮ್ಮ ಒಂದು ಉಪಾಯ ಹುಡುಕಿಕೊಂಡು ಬಂದಿದ್ದಳು. ಮಾನ್ವಿ ಬಸ್‌ಸ್ಟ್ಯಾಂಡಿನ ಕುತುಬುದ್ದೀನ್ ಸಾಬರ ಚಹಾ ಹೋಟೆಲಿನ ಮೊಳೆಗೆ ಬಿಲ್ಲೆ ನೇತುಹಾಕುತ್ತಾಳಂತೆ. ಮನೆಯವರು ಯಾರೇ ರಾಯಚೂರಿಗೆ ಹೊರಟರೂ ಬಸ್ಸು ಹತ್ತುವ ಮುಂಚೆ ತೆಗೆದುಕೊಳ್ಳಬಹುದು.

“ಇನ್ನ ಮರಿಯೂ ಮಾತೇ ಇಲ್ಲ ನೋಡಕ್ಕಾ!”

ಅವಳ ಖುಷಿ ನೋಡಿ ವೆಂಕಮ್ಮನಿಗೂ ಎದೆ ಹಗುರಾಯಿತು.

ಆ ಬಿಲ್ಲೆ ಹಿಡಿದು ಒಂದು ದಿನ ಗೇಟಿಗೆ ಬಂದವನು ದೇವದುರ್ಗದ ಹಂಪಯ್ಯ, ಅಮರಮ್ಮನ ಮೈದುನ. ಮನೆಯವನೇ ಅಲ್ಲವೇ ಎಂದು ಸಾಬರು ಕೊಟ್ಟುಬಿಟ್ಟಿದ್ದರು. ಸೂಗಮ್ಮ ಓಡಿಬಂದು ವೆಂಕಮ್ಮನ ಸೀರೆ ಹಿಡಿದುಕೊಂಡಳು.

“ಯವ್ವಾ, ಕಾಕಾ ನನ್ನ ಲಗ್ನ ಮಾಡಾಕ ಒಯ್ಯಾಕತ್ತಾನ. ಹಬ್ಬದಾಗ ಅಂದಿದ್ದ. ನಮ್ಮವ್ವ ಒಲ್ಲೆ ಅಂದಾಳ.”

ವೆಂಕಮ್ಮ ವಾರ್ಡನ್ನಮ್ಮನ ಕೋಣೆಗೆ ಓಡಿ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದಳು.

“ಬಿಲ್ಲಿ ಸರಿ ಅದನೋ ಇಲ್ಲೋ?” ಎಂದರು ಅವರು.

“ಸರಿ ಅದರೀ. ಆದ್ರ ಅದು ಹೋಟೆಲ್ ಮೊಳಿಗೆ ನೇತಾಡ್ತಿತ್ತರೀ, ಅವರವ್ವ ಕೊಟ್ಟಿದ್ದಲ್ಲ.”

“ಎಲ್ಲಿ ಇಟ್ಕೋತಾರೋ ಅವರ ಮನಿ ವಿಚಾರ. ನೀ ಮಾರಿ ನೋಡಿ ಬಿಡೂದಾದ್ರ ಬಿಲ್ಲಿ ಯಾಕ ಮಾಡಿಸಬೇಕಿತ್ತು?”

ವೆಂಕಮ್ಮ ಬೀಗ ತೆಗೆದಳು. ಆ ಕೈ ತನ್ನದೆಂದು ಅವಳಿಗೇ ಅಸಹ್ಯವಾಯಿತು.

ಮುಂದಿನ ವಾರ ಅಮರಮ್ಮ ರೊಟ್ಟಿಗಂಟು ಹಿಡಿದು ಬಂದು ಗೇಟಿನ ಹೊರಗೆ ಅಳುಕುತ್ತ ನಿಂತಳು.

“ಸಾಬರ ಹೋಟೆಲ್ ಬಂದ್ ಇತ್ತಕ್ಕಾ, ಬಿಲ್ಲಿ ತರಾಕ ಆಗಲಿಲ್ಲ. ಇವತ್ತೊಂದಿನ ಬಿಡು, ಕೈ ಮುಗಿತೀನಿ.”

ವೆಂಕಮ್ಮ ಗೇಟು ಪೂರಾ ತೆರೆದಳು.

“ದೇವರಂಥಾಕಿ ನೀ,” ಎನ್ನುತ್ತ ಅಮರಮ್ಮ ಒಳಗೆ ಹೋದಳು. ಸೂಗೀ, ಸೂಗೀ ಎಂದು ಅವಳು ಅಂಗಳದಲ್ಲಿ ಕರೆಯುತ್ತಿದ್ದರೆ, ವೆಂಕಮ್ಮ ಗೇಟಿಗೆ ಆತು ನಿಂತಿದ್ದಳು. ಆ ಜೋರು ಬಾಯಿಗೆ ಒಂದು ಮಾತೂ ಬರಲಿಲ್ಲ.