ಯಾರೂ ಸಾಯದ ಮಳೆಗಾಲ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆಗೆ ಸಾವಿನ ಸುದ್ದಿ ಓದುವ ಪದ್ಧತಿ ಇದೆ. ಹೊರಗಿನವರಿಗೆ ಅಪಶಕುನ ಅನ್ನಿಸಬಹುದು. ಕೊಡಗಿನಲ್ಲಿ ಬಾಳಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇಲ್ಲಿ ಮದುವೆಗೆ ಹೋಗದಿದ್ದರೆ ಏನಾದರೂ ನೆಪ ಹೇಳಿ ಪಾರಾಗಬಹುದು, ಮಣ್ಣಿಗೆ ಹೋಗದಿದ್ದರೆ ಯಾವ ನೆಪವೂ ನಡೆಯುವುದಿಲ್ಲ. ಮನೆಗೊಬ್ಬರಾದರೂ ಹೋಗಿ ಕೊನೆಯ ಸಲ ಮುಖ ನೋಡಿ ಬರಬೇಕು. ಹಿಂದೆ ಸುದ್ದಿ ಮುಟ್ಟಿಸಲೆಂದೇ ಆಳನ್ನು ಓಡಿಸುತ್ತಿದ್ದರು. ಈಗ ಜಿಲ್ಲೆಯ ಸುದ್ದಿ ಹಾಕುವ ವೆಬ್‌ಸೈಟೊಂದರಲ್ಲಿ ಕಪ್ಪು ಅಂಚಿನ ಚೌಕ ಹಾಕಿಸುತ್ತಾರೆ. ಅದರೊಳಗೆ ಫೋಟೊ, ಹೆಸರು, ಊರು, ಮಣ್ಣಿನ ಹೊತ್ತು. ಅಲ್ಲಿ ಹಾಕಿಸಿದರೆ ಎಲ್ಲರಿಗೂ ಹೇಳಿ ಕಳಿಸಿದ ಹಾಗೆಯೇ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಕುಶಾಲನಗರದಿಂದ ಸಿದ್ದಾಪುರದ ಮೇಲೆ ಅಮ್ಮತ್ತಿಗೆ, ಪಾಲಿಬೆಟ್ಟಕ್ಕೆ, ಕೆಲವು ವರ್ಷ ಮಡಿಕೇರಿಯಿಂದ ಭಾಗಮಂಡಲಕ್ಕೆ ಟಿಕೆಟ್ ಹರಿದಿದ್ದೇನೆ. ಆ ಚೌಕದಲ್ಲಿ ಕಾಣುವ ಮುಖಗಳಲ್ಲಿ ಬಹಳಷ್ಟು ನನ್ನ ಬಸ್ಸು ಹತ್ತಿದವೇ. ಹೆಸರು ಗೊತ್ತಿರುವುದಿಲ್ಲ, ಇಳಿಯುತ್ತಿದ್ದ ಸ್ಟಾಪು ಮಾತ್ರ ನೆನಪಿರುತ್ತದೆ.

ನಾನು ಓದುವುದು ಅವ್ವನಿಗಾಗಿ. ಅವಳ ಕಣ್ಣಿಗೆ ಮಂಜು ಕವಿದಿದೆ. ಬಣ್ಣಗಳು ತಿಳಿಯುತ್ತವೆ, ಮುಖ ಮತ್ತು ಅಕ್ಷರ ತಿಳಿಯುವುದಿಲ್ಲ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಯಾರ್ಲಾ ಇವತ್ತು?" ಎಂದು ಕೇಳುತ್ತಾಳೆ. ಸತ್ತವಳು ಹೆಂಗಸಾದರೆ ಮರುಪ್ರಶ್ನೆ ಒಂದಿರುತ್ತದೆ: "ತವರು ಎಲ್ಲೀದಂತೆ?" ಚೌಕದಲ್ಲಿ ಗಂಡನ ಮನೆಯ ಹೆಸರು ಇರುತ್ತದೆ, ಮಕ್ಕಳ ಹೆಸರು, ಮೊಮ್ಮಕ್ಕಳ ಲೆಕ್ಕ ಎಲ್ಲ ಇರುತ್ತದೆ, ತವರು ಇರುವುದಿಲ್ಲ. ಇಲ್ಲ ಕಣವ್ವ ಅಂದರೆ ನನ್ನದೇ ತಪ್ಪೆಂಬಂತೆ ಗೊಣಗುತ್ತಾಳೆ.

ಈ ಪ್ರಶ್ನೆಗೆ ಕಾರಣವಿದೆ. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತವರು. ನಮ್ಮಲ್ಲಿ ಮದುವೆಯಾದ ಹೆಣ್ಣು ಸತ್ತರೆ ಹೊದಿಸುವ ಕೊನೆಯ ಸೀರೆ ತವರಿನಿಂದ ಬರಬೇಕು. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ಎಷ್ಟೇ ಬಡವರಾದರೂ ಅಣ್ಣನೋ ತಮ್ಮನೋ ಒಂದು ಸೀರೆ ಹಿಡಿದು ಬರುತ್ತಾನೆ. ಹೆಣ್ಣಿಗೆ ತವರಿನ ಋಣ ಅಲ್ಲಿಗೆ ಮುಗಿಯುತ್ತದೆ.

ಅವ್ವನಿಗೆ ಅಣ್ಣತಮ್ಮಂದಿರು ಉಳಿದಿಲ್ಲ. ಅವಳ ಗೆಳತಿಗೂ ಇರಲಿಲ್ಲ. ಈ ಗೆಳತಿ ಅವ್ವನ ಜೊತೆಗೇ, ಒಂದೇ ಲಾರಿಯಲ್ಲಿ ಪಾತ್ರೆ ಪಡಗದ ನಡುವೆ ಕೂತು, ಹೊಸ ಮದುವಣಗಿತ್ತಿಯಾಗಿ ಈ ಸೀಮೆಗೆ ಬಂದವಳು. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಇಬ್ಬರೂ ಸಂಸಾರ ಮಾಡಿದರು. ನನಗೆ ಜ್ವರ ಬಂದರೆ ಯಾರು ಎತ್ತಿಕೊಳ್ಳುತ್ತಿದ್ದರು ಎಂಬುದು ನನಗೇ ನೆನಪಿಲ್ಲ, ಇಬ್ಬರ ಸೆರಗಿನಲ್ಲೂ ಒಂದೇ ಹೊಗೆಯ ವಾಸನೆ. ಮುಂದೆ ಅವಳ ಮಗ ಅಮ್ಮತ್ತಿಯ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ, ತಾಯಿಯನ್ನೂ ಕರೆದುಕೊಂಡು ಹೋದ. ಅಂದಿನಿಂದ ನಮ್ಮ ಬಾಯಲ್ಲಿ ಅವಳು ಅಮ್ಮತ್ತಿ ದೊಡ್ಡವ್ವ. ನಾನು ಆ ರೂಟಿನಲ್ಲಿ ಇದ್ದಷ್ಟು ಕಾಲ ಇಬ್ಬರ ನಡುವೆ ಹುರುಳಿಕಾಳು, ಉಪ್ಪಿನಕಾಯಿ, ಜಗಳ ಎಲ್ಲ ಸಾಗಿಸಿದ್ದೇನೆ.

ಇಬ್ಬರೂ ಒಂದು ಮಾತು ಮಾಡಿಕೊಂಡಿದ್ದರು. ಮೊದಲು ಹೋದವಳಿಗೆ ಉಳಿದವಳೇ ತವರು. ಅವ್ವ ಕೆನೆಬಣ್ಣದ, ಹಸಿರಂಚಿನ ನೂಲಿನ ಸೀರೆಯೊಂದನ್ನು ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ದೊಡ್ಡವ್ವನಿಗೆ ಕೆನೆಬಣ್ಣ ಅಂದರೆ ಪ್ರಾಣ. ಅವ್ವನಿಗೆ ನೇರಳೆ. "ಬದನೆಕಾಯಿ ಬಣ್ಣ" ಎಂದು ದೊಡ್ಡವ್ವ ಜೀವಮಾನವೆಲ್ಲ ಆಡಿಕೊಂಡಳು. ಅವಳು ಯಾವ ಸೀರೆ ತಂದಿಟ್ಟಿದ್ದಾಳೆಂದು ಅವ್ವನಿಗೆ ಗೊತ್ತಿರಲಿಲ್ಲ. "ಕಂಜೂಸು ಅವಳು, ತಂದಿರಕ್ಕಿಲ್ಲ ಬಿಡು" ಎನ್ನುತ್ತಿದ್ದಳು.

ಇನ್ನು ಆ ವೆಬ್‌ಸೈಟಿನ ಮಾತು. ತೆರೆದರೆ ಸಾಕು, ಜಾಹೀರಾತುಗಳು ಮುಗಿಬೀಳುತ್ತಿದ್ದವು. ಕೆಳಗಿನಿಂದ ರಮ್ಮಿ ಆಟ, ಮೇಲಿನಿಂದ ಮಂಡಿನೋವಿನ ಎಣ್ಣೆ, ನಡುವೆ ನಿಮ್ಮ ಫೋನಿಗೆ ವೈರಸ್ ಬಂದಿದೆ ಎಂಬ ಕೆಂಪು ಬೆದರಿಕೆ. ಮುಚ್ಚಲಿಕ್ಕೆ ಮೂಲೆಯಲ್ಲಿ ಸಾಸಿವೆಯಷ್ಟು ಗುಣಿಸು ಗುರುತು. ಅದನ್ನು ಒತ್ತಲು ಹೋದರೆ ಬೆರಳು ಪಕ್ಕಕ್ಕೆ ಬಿದ್ದು ಇನ್ನೊಂದೇ ಪುಟ ತೆರೆದುಕೊಳ್ಳುತ್ತಿತ್ತು. ಟಿಕೆಟ್ ಇಲ್ಲದೆ ಹತ್ತಿ ಬಾಗಿಲಲ್ಲೇ ನಿಲ್ಲುವ ಜನರನ್ನು ನಾನು ಕಂಡಿದ್ದೇನೆ, ಅವರನ್ನಾದರೂ ಸೀಟಿ ಊದಿ ಇಳಿಸಬಹುದಿತ್ತು. ನನಗೆ ಸಿಟ್ಟು ಬರುತ್ತಿತ್ತು. ಅವ್ವನ ಮುಂದೆ ಬಾಯಿ ಬಿಗಿಹಿಡಿದುಕೊಂಡಿರುತ್ತಿದ್ದೆ.

ಒಂದು ಬೆಳಿಗ್ಗೆ ಪಾಲಿಬೆಟ್ಟದ ಕಡೆ ತೋಟದ ಕೆಲಸಕ್ಕೆ ಹೋಗುತ್ತಿದ್ದಾಗ ಆನೆ ತುಳಿದು ತೀರಿಹೋದವನ ಸುದ್ದಿ ಇತ್ತು. ಸಣ್ಣ ವಯಸ್ಸು. ನಾನು ದನಿ ತಗ್ಗಿಸಿ ಓದುತ್ತಿದ್ದೆ, ಅವ್ವ ಲೋಟ ಕೆಳಗಿಟ್ಟಿದ್ದಳು. ಅಷ್ಟರಲ್ಲಿ ಫೋನು ತಾನಾಗಿಯೇ ಬಾಜಾಬಜಂತ್ರಿಯೊಂದಿಗೆ ಕೂಗಿತು: "ಅಭಿನಂದನೆಗಳು! ನೀವು ಗೆದ್ದಿದ್ದೀರಿ!"

"ಯಾರ್ಲಾ ಗೆದ್ದೋರು?" ಎಂದಳು ಅವ್ವ.

ನನಗೆ ನಾಚಿಕೆಯಾಯಿತು. ಯಾರದೋ ಹೆಣದ ಮುಂದೆ ನಾನೇ ಕೇಕೆ ಹಾಕಿದಂತೆ ಅನ್ನಿಸಿತು. ಸಂಜೆ ಮಗಳು ಕೆಲಸದಿಂದ ಬಂದ ಕೂಡಲೇ ಫೋನನ್ನು ಅವಳ ಕೈಗೆ ಕೊಟ್ಟು, ಇದರ ಬಾಯಿ ಮುಚ್ಚಿಸು ಅಂದೆ. ಅವಳು ಏನನ್ನೋ ಇಳಿಸಿ, ಎರಡು ಕಡೆ ಒತ್ತಿ, "ಇದು ಬ್ಲಾಕರ್ ಅಪ್ಪ, ಇನ್ನು ಒಂದು ಆ್ಯಡೂ ಬರಲ್ಲ" ಎಂದಳು. ನಿಜಕ್ಕೂ ಬರಲಿಲ್ಲ. ಮಾರನೆಯ ದಿನ ಪುಟ ತೆರೆದರೆ ಸಾರಿಸಿದ ಅಂಗಳದಷ್ಟು ಚೊಕ್ಕಟ. ರಸ್ತೆ ಕುಸಿದದ್ದು, ಹೊಳೆ ಏರಿದ್ದು, ಶಾಲೆಗೆ ರಜೆ, ಎಲ್ಲವೂ ಸದ್ದಿಲ್ಲದೆ ಓದಿಸಿಕೊಂಡವು. ಕಪ್ಪು ಚೌಕ ಇರಲಿಲ್ಲ.

"ಇವತ್ತು ಯಾರೂ ಇಲ್ಲ ಕಣವ್ವ."

"ಒಳ್ಳೇದಾಯ್ತು ಬಿಡು."

ಅದರ ಮಾರನೆಯ ದಿನವೂ ಯಾರೂ ಇರಲಿಲ್ಲ. ವಾರ ಕಳೆದರೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಸುದ್ದಿ ಕಿವಿಗೆ ಬೀಳುತ್ತಿತ್ತು, ಹಾಗೂ ಆಗಲಿಲ್ಲ. ಜಾಹೀರಾತಿನ ಕಾಟ ತಪ್ಪಿದ ಸಂತೋಷದಲ್ಲಿ ನಾನು ಇದನ್ನೂ ಒಂದು ಸಂತೋಷವೆಂದೇ ಸೇರಿಸಿಕೊಂಡೆ. ಅವ್ವನಿಗೇ ಅನುಮಾನ ಬಂದದ್ದು.

"ಈ ಮಳೇಲಿ ಮುದುಕ್ರು ಯಾರೂ ಸಾಯ್ಲಿಲ್ಲ ಅಂದ್ರೆ ನಂಬಾದೆಂಗ್ಲಾ? ಯಮಂಗೂ ಬಸ್ ಸಿಕ್ಕಿಲ್ವೇನೋ" ಎಂದು ನಕ್ಕಳು. ನಾನೂ ನಕ್ಕೆ.

ಒಂದು ದಿನ ಕುಶಾಲನಗರದ ಬಸ್ ನಿಲ್ದಾಣದಲ್ಲಿ, ನನ್ನ ಜೊತೆ ಅಮ್ಮತ್ತಿಯ ರೂಟಿನಲ್ಲಿ ಗಾಡಿ ಓಡಿಸುತ್ತಿದ್ದ ಹಳೆಯ ಡ್ರೈವರ್ ಸಿಕ್ಕಿದ. ಕೈ ಕುಲುಕಲಿಲ್ಲ.

"ಎಂತ ಕಂಡಕ್ಟ್ರೇ, ನೀವು ಬರ್ಲೇ ಇಲ್ಲಲ್ಲ?"

"ಎಲ್ಲಿಗೆ?"

"ಆ ರೈಟರ ಅಮ್ಮನ ಮಣ್ಣಿಗೆ. ನಿಮ್ಮನೇವ್ರು ಬರ್ತಾರೆ ಅಂತ ಬಾಡೀನ ಸಂಜೆವರೆಗೂ ಇಟ್ಕೊಂಡಿದ್ರು ಮಾರಾಯ್ರೇ. ಪೇಜಲ್ಲಿ ಹಾಕಿದ್ರಲ್ಲ, ನೋಡ್ಲಿಲ್ವಾ?"

ಮಣ್ಣಾಗಿ ಆಗಲೇ ಒಂದು ವಾರ ಕಳೆದಿತ್ತು. ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು. ಅವ್ವ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಸುತ್ತಿ ಬಳಸಿ ಹೇಳುವ ಶಕ್ತಿ ನನಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ. "ಸೀರೆ?" ಅಂದಳು, ಅಷ್ಟೇ. ಬಿಡಿಸಿದ ಕಾಳನ್ನು ಸಿಪ್ಪೆಯ ಜೊತೆಗೇ ಸುರಿದು ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಮಗಳು ಬಂದು ಫೋನು ನೋಡಿದಳು. ಬ್ಲಾಕರನ್ನು ತೆಗೆದು ಹಳೆಯ ಪುಟಗಳನ್ನು ಒಂದೊಂದಾಗಿ ತೆರೆದಳು. ರಮ್ಮಿ ಬಂತು, ಎಣ್ಣೆ ಬಂತು, ಅವುಗಳ ನಡುವೆ ಕಪ್ಪು ಚೌಕಗಳು ಮೇಲೆದ್ದವು. ಎಷ್ಟೊಂದು ಮುಖಗಳು. ಭಾಗಮಂಡಲದ ಬಸ್ಸಿಗೆ ಹೂವಿನ ಬುಟ್ಟಿ ಹೊತ್ತು ಹತ್ತುತ್ತಿದ್ದವಳು ಇದ್ದಳು. ಸೀಟಿದ್ದರೂ ನಿಂತೇ ಪ್ರಯಾಣ ಮಾಡುತ್ತಿದ್ದ ಒಬ್ಬ ಮುದುಕನಿದ್ದ. ಇವರೆಲ್ಲ ಸಾಯುತ್ತಲೇ ಇದ್ದರು, ನಾನು ಯಾರೂ ಇಲ್ಲ ಎಂದು ಓದುತ್ತಿದ್ದೆ. ಕೊನೆಗೆ ದೊಡ್ಡವ್ವ ಬಂದಳು. ಮೊಮ್ಮಗನ ಮದುವೆಯಲ್ಲಿ ತೆಗೆಸಿದ ಫೋಟೊ, ತಲೆ ತುಂಬಾ ಸೆರಗು.

"ಇವೂ ಆ್ಯಡೇ ಅಪ್ಪ" ಎಂದಳು ಮಗಳು, ನನ್ನ ಮುಖ ನೋಡದೆ. "ದುಡ್ಡು ಕೊಟ್ಟು ಹಾಕ್ಸಿರೋದು. ಆ್ಯಡ್ ಹಾಕೋ ಜಾಗದಲ್ಲೇ ಬರುತ್ತೆ. ಬ್ಲಾಕರ್‌ಗೆ ರಮ್ಮಿ ಯಾವ್ದು, ಸಾವು ಯಾವ್ದು ಅಂತ ಗೊತ್ತಾಗಲ್ಲ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡೆ ಎಂದುಕೊಂಡೆ. ಆ ಹೊತ್ತಿನಲ್ಲಿ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಬರಿಯ ದುಃಖವಾಯಿತು.

ಮಾರನೆಯ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಅಮ್ಮತ್ತಿಗೆ ಹೊರಟೆ. ಸೀರೆಯನ್ನು ಅವಳು ಚೀಲಕ್ಕೆ ಹಾಕಲು ಬಿಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು. ದಾರಿಯುದ್ದಕ್ಕೂ ನನ್ನೊಂದಿಗೆ ಮಾತಾಡಲಿಲ್ಲ.

ದೊಡ್ಡವ್ವನ ಮಗ ಗೇಟಿನ ಹತ್ತಿರವೇ ನಿಂತಿದ್ದ. ಬೈಯುತ್ತಾನೆಂದು ಕಾದೆ. ಅವನು ಅವ್ವನ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. "ನಿಮ್ಮನೆ ಹಳೇ ಲ್ಯಾಂಡ್‌ಲೈನಿಗೆ ಮಾಡ್ದೆ ಅಣ್ಣ, ಹೋಗ್ಲಿಲ್ಲ. ಇನ್ನೊಂದು ನಂಬರ್ ಹುಡುಕೋಷ್ಟು ತಲೆ ಓಡ್ಲಿಲ್ಲ. ನೀನು ದಿನಾ ಚಿಕ್ಕವ್ವಂಗೆ ಪೇಜ್ ಓದಿ ಹೇಳ್ತೀಯ ಅಂತ ಅವ್ವ ಹೇಳ್ತಿದ್ಲು, ಅದೇ ಧೈರ್ಯದ ಮೇಲೆ ಇದ್ದೆ" ಎಂದ. ನಾನು ನಡೆದದ್ದನ್ನು ಹೇಳಿದೆ. ಅವನು "ಹೋಗ್ಲಿ ಬಿಡಣ್ಣ" ಎಂದ. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಒಳಗೆ ಫೋಟೊದ ಮುಂದೆ ದೀಪ ಉರಿಯುತ್ತಿತ್ತು. ಅವ್ವ ಅದರ ಮುಂದೆ ಕೂತು ಮಡಿಲ ಸೀರೆಯನ್ನು ಸವರುತ್ತಾ ಕೇಳಿದಳು: "ತವರ ಸೀರೆ ಇಲ್ದೇ ಕಳ್ಸುದ್ರೇನವ್ವ?"

ದೊಡ್ಡವ್ವನ ಸೊಸೆ ಬಂದು ಪಕ್ಕದಲ್ಲಿ ಕೂತಳು.

"ಇಲ್ಲ ಚಿಕ್ಕತ್ತೆ. ಕಾದು ಕಾದು ಕತ್ತಲಾಗ್ತಾ ಬಂತು. ಅತ್ತೆ ಬೀರೂನಲ್ಲಿ ನಿಮಗೆ ಅಂತ ಒಂದು ಸೀರೆ ಇಟ್ಟಿದ್ರು. ನೀವು ಮೊದ್ಲು ಹೋದ್ರೆ ಹೊದ್ಸೋಕೆ ಅಂತ. ನಿಮ್ಮ ಹೆಸ್ರಲ್ಲಿ ಇದ್ದಿದ್ದು ಅದೊಂದೇ. ಅದನ್ನೇ ನಿಮ್ಮ ಕೈಯಿಂದ ಬಂತು ಅಂದ್ಕೊಂಡು ಹೊದ್ಸಿದ್ವಿ."

ಅವ್ವ ಸೀರೆ ಸವರುವುದನ್ನು ನಿಲ್ಲಿಸಿದಳು. "ಯಾವ ಬಣ್ಣ?"

"ನೇರಳೆ."

ಅವ್ವನ ಬಾಯಿಂದ ಮೊದಲು ಬಂದದ್ದು ನಗು. "ಅಯ್ಯೋ ಮುದ್ಕೀ, ಬದನೆಕಾಯಿ ಬಣ್ಣ ಹೊದ್ಕಂಡೇ ಹೋದ್ಯೇನೇ" ಎಂದು ಫೋಟೊಗೆ ಹೇಳಿದಳು. ಆಮೇಲೆ ಅತ್ತಳು. ಅವಳು ಹಾಗೆ ಅತ್ತದ್ದನ್ನು ಅಪ್ಪ ಹೋದಾಗಲೂ ನಾನು ಕಂಡಿರಲಿಲ್ಲ. ಕೆನೆಬಣ್ಣದ ಸೀರೆಯನ್ನು ಫೋಟೊದ ಮುಂದೆ ಇಟ್ಟಳು. ಹೊರಡುವಾಗ ಸೊಸೆ ಅದನ್ನು ಅರಿಶಿನ ಕುಂಕುಮದೊಂದಿಗೆ ತಟ್ಟೆಯಲ್ಲಿಟ್ಟು ತಿರುಗಿ ಅವ್ವನ ಮಡಿಲಿಗೇ ಹಾಕಿದಳು.

ಬಸ್ಸಿನಲ್ಲಿ ಅವ್ವ ಮೊದಲ ಸಲ ನನ್ನೊಂದಿಗೆ ಮಾತಾಡಿದಳು. "ನಂಗೆ ಇದನ್ನೇ ಹೊದ್ಸು. ಇನ್ ಯಾರ್ನೂ ಕಾಯ್ಬೇಡ."

"ಆಯ್ತವ್ವ" ಎಂದೆ.

ಈಗ ಬ್ಲಾಕರ್ ಇಲ್ಲ. ಆ ಒಂದು ವೆಬ್‌ಸೈಟನ್ನು ಮಾತ್ರ ಬಿಟ್ಟು ಉಳಿದ ಕಡೆ ಹಾಕಿಕೊಡುತ್ತೇನೆಂದು ಮಗಳು ಹೇಳಿದಳು. ಅದೂ ಬೇಡ ಅಂದೆ, ನನಗೆ ಧೈರ್ಯ ಸಾಲದು. ಅಮ್ಮತ್ತಿಯಿಂದ ಬಂದ ಮಾರನೆಯ ಬೆಳಿಗ್ಗೆ ಎಂದಿನಂತೆ ಜಗಲಿಯಲ್ಲಿ ಕೂತು ಪುಟ ತೆರೆದೆ. ರಮ್ಮಿಯವರು ಕುಣಿಯುತ್ತಾ ಬಂದು ಇಡೀ ಪುಟ ಮುಚ್ಚಿದರು. ಗುಣಿಸು ಗುರುತು ಮೂಡಲೆಂದು ಬೆರಳು ಹಿಡಿದು ಕಾಯುತ್ತಿದ್ದೆ. ಅವ್ವ ಯಾರೆಂದು ಕೇಳಲಿಲ್ಲ. ಲೋಟ ಹಿಡಿದು ಅಂಗಳದ ಕಡೆ ನೋಡುತ್ತಿದ್ದಳು.

"ಬಣ್ಣ ಇನ್ನೂ ಕಾಣ್ತದೆ ಕಣ್ಲಾ ನಂಗೆ" ಎಂದಳು. "ಅವಳು ಆ ನೇರಳೆ ಹೊದ್ದು ಮಲಗಿದ್ದನ್ನ ಒಂದ್ಸಲ ನೋಡ್ಬೇಕಿತ್ತು."