ಗಾರೆಯೊಳಗಿನ ಶಿಲುಬೆಗಳು

ಫಿದೆನ್ಸಿಯೊ ತ್ಲಾತೆಲ್ಪ ಕಟ್ಟಿದ ಗೋಡೆಗಳು ಟೆಕ್ಸಸ್‌ನ ಆ ಸಣ್ಣ ಊರಿನಲ್ಲಿ ಎಲ್ಲಿ ನೋಡಿದರೂ ಇದ್ದವು. ಫಿದೆನ್ಸಿಯೊ ಮಾತ್ರ ಎಲ್ಲೂ ಇರಲಿಲ್ಲ. ಮೆಕ್ಸಿಕೋದಿಂದ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಮೇಸ್ತ್ರಿ. ಬಾಡಿಗೆ ಮನೆ ಭಾವಮೈದುನನ ಹೆಸರಿನಲ್ಲಿ, ಕೂಲಿ ನೇರ ಕೈಗೆ. ತನ್ನ ಹೆಸರಿದ್ದ ಚೀಟಿ ಕೈಗೆ ಬಂದರೆ ಅವತ್ತೇ ಒಲೆಗೆ ಹಾಕುತ್ತಿದ್ದ. ಹಿಡಿದುಕೊಡುವುದು ಕಾಗದವೇ ಎಂದು ಅವನ ನಂಬಿಕೆ. ಎಂಥ ಜಾಣ ಎಂದು ಅವನ ಜೊತೆ ಗಾರೆ ಕೆಲಸ ಮಾಡುತ್ತಿದ್ದ ನಾವೆಲ್ಲ ಹೊಗಳಿದ್ದೂ ಉಂಟು.

2014ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಟಿವಿಯಲ್ಲಿ ಬಂದರು. ಎರಡು ಪಕ್ಷಗಳೂ ಜಗಳವಾಡುತ್ತಲೇ ಕೂತಿವೆ, ಇನ್ನು ನಾನೇ ಆದೇಶ ಹೊರಡಿಸುತ್ತೇನೆ ಎಂದರು. ಇಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿ ಐದು ವರ್ಷದಿಂದ ಇಲ್ಲೇ ಇದ್ದೇವೆಂದು ತೋರಿಸಿದರೆ ಸದ್ಯಕ್ಕೆ ಅವರನ್ನು ಹೊರಗೆ ಹಾಕುವುದಿಲ್ಲ. ಫಿದೆನ್ಸಿಯೊನ ಮಗಳು ಯರೇಲಿ ಇಲ್ಲೇ ಹುಟ್ಟಿದವಳು. ತಾಯಿ ತೀರಿಕೊಂಡ ಮೇಲೆ ಅವಳಿಗೆ ಅಪ್ಪನೊಬ್ಬನೇ ದಿಕ್ಕು.

"ಅಪ್ಪ, ಏನಾದ್ರೂ ಒಂದು ರಸೀದಿ ಇದ್ಯಾ?"

"ಎಲ್ಲಾ ಸುಟ್ಟೆ, ಮಗಳೇ."

"ಎಲ್ಲಾನೂ?"

"ಅದ್ರಲ್ಲೇ ನಿಂಗೆ ಟೋರ್ಟಿಯಾ ರೊಟ್ಟಿ ಬೇಯಿಸಿದ್ದು."

ಅವಳು ಅತ್ತಳು. ಅವನು ತಟ್ಟೆಯಲ್ಲಿದ್ದ ಬೀನ್ಸ್ ಕಾಳು ಮುಗಿಸಿ ಕೈ ಒರೆಸಿಕೊಂಡ. "ಗಾಡಿ ತೆಗಿ. ಒಂದು ತೋರಿಸ್ತೀನಿ."

ಮೊದಲು ಅವಳದೇ ಶಾಲೆ. ಹಿಂಬದಿ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಸರಿಸಿದ. ಎರಡು ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಉಗುರಿನಷ್ಟು ಶಿಲುಬೆ, ಪಕ್ಕದಲ್ಲಿ ಇಸವಿ. ಮೇ ಮೂರು ಅವನ ಊರಲ್ಲಿ ಗಾರೆಯವರ ಹಬ್ಬ. ಕಟ್ಟುತ್ತಿರುವ ಗೋಡೆಯ ನೆತ್ತಿಗೆ ಹೂ ಸುತ್ತಿದ ಶಿಲುಬೆ ನಿಲ್ಲಿಸುತ್ತಾರೆ, ಮನೆಯ ಯಜಮಾನ ಕೆಲಸದವರಿಗೆಲ್ಲ ಊಟ ಹಾಕುತ್ತಾನೆ. ಇಲ್ಲಿ ಹಾಗೆ ಎದ್ದು ಕಾಣುವಂತಿಲ್ಲ. ಅದಕ್ಕೇ ಪ್ರತಿ ವರ್ಷ ಆ ದಿನ ಹಸಿ ಗಾರೆಯ ಮೇಲೆ ಕರಣೆಯ ತುದಿಯಲ್ಲಿ ಗೀಚಿಬಿಡುತ್ತಿದ್ದ.

ಶಾಲೆ, ಗ್ರಂಥಾಲಯ, ಆಸ್ಪತ್ರೆ. ಆಮೇಲೆ ಎದುರುಬದುರಾಗಿ ನಿಂತಿದ್ದ ಎರಡು ಪಕ್ಷಗಳ ಕಚೇರಿಗಳು.

"ಇವೆರಡೂ ನೀನೇನಾ?"

"ಮತ್ತಿನ್ಯಾರು? ಇಬ್ರೂ ಗೋಡೆ ಸೊಟ್ಟ ಅಂತ ಬೈದಿದ್ರು."

ಯರೇಲಿ ಗೋಡೆಯ ಮೇಲೆ ಅಂಗೈ ಇಟ್ಟಳು. ಹುಟ್ಟಿದಾಗಿನಿಂದ ಅಪ್ಪನ ಕೈಗಳಿಗೆ ಒರಗಿಕೊಂಡೇ ಬೆಳೆದಿದ್ದಳು, ಅದು ಅವಳಿಗೆ ಗೊತ್ತೇ ಇರಲಿಲ್ಲ.

ಆದರೆ ಗೀಚಿದ್ದು ಇವನೇ ಎನ್ನಲು ಸಾಕ್ಷಿ ಬೇಕಲ್ಲ? ಆ ಗುರುತು ಏನೆಂದು ಕೇಳಿ ತಿಳಿದುಕೊಂಡು ಊಟ ಹಾಕಿದ ಯಜಮಾನಿ ಊರಿಗೆಲ್ಲ ಒಬ್ಬಳೇ. ಅವಳೂ ಈಗಿಲ್ಲ. ಅವಳ ಗಂಡ ವೆಂಡೆಲ್ ಕುಬೇನಾ ಆ ಆದೇಶ ಹೊರಡಿಸಿದವರ ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ಜಿಲ್ಲಾ ಅಧ್ಯಕ್ಷ. ಆದೇಶವನ್ನು ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಜಾಡಿಸುತ್ತಿದ್ದವನು. ಆದರೂ ಫಿದೆನ್ಸಿಯೊ ಹೋಗಿ ಅವನ ಬಾಗಿಲು ತಟ್ಟಿದ.

ಎಲ್ಲ ಕೇಳಿಸಿಕೊಂಡ ಕುಬೇನಾ, "ರೇಡಿಯೋದಲ್ಲಿ ನಾನೇನು ಹೇಳ್ತೀನಿ ಗೊತ್ತಲ್ಲ?" ಎಂದ.

"ಗೊತ್ತು ಸಾರ್. ಗಾರೆ ಕಲಸ್ತಾ ಕೇಳ್ತೀನಿ."

"ಪ್ರೆಸಿಡೆಂಟು ಒಬ್ರೇ ಪೆನ್ನು ಹಿಡ್ಕೊಂಡು ಕಾನೂನು ಬರೆಯೋ ಹಾಗಿಲ್ಲ. ನಾಳೇನೂ ಅದನ್ನೇ ಹೇಳ್ತೀನಿ." ಎದ್ದು ತನ್ನ ಮನೆಯಲ್ಲಿ ಫಿದೆನ್ಸಿಯೊ ಕಟ್ಟಿದ್ದ ಇಟ್ಟಿಗೆ ಚಿಮಣಿಯ ಬಳಿ ಹೋದ. ಹುಡುಕಲೇ ಇಲ್ಲ, ಬೆರಳು ನೇರ ಶಿಲುಬೆಯ ಮೇಲೆ ಹೋಯಿತು. "ನನ್ ಹೆಂಡ್ತಿ ಇಲ್ಲಿ ದಿನಾ ಧೂಳು ಒರೆಸ್ತಿದ್ಲು. ನೀನು ಇಲ್ಲಿದ್ದೆ ಫಿಡೆ. ಇರ್ಲಿಲ್ಲ ಅಂತ ಹೇಳೋಕೆ ನನ್ ಕೈಲಾಗಲ್ಲ." ಸಾಕ್ಷಿ ಬರೆದು ಸಹಿ ಹಾಕಿದ. ಫಿದೆನ್ಸಿಯೊ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ಈ ದೇಶದಲ್ಲಿ ಅವನ ಪೂರ್ತಿ ಹೆಸರನ್ನು ಹೊರಗಿನವರೊಬ್ಬರು ಕಾಗದದ ಮೇಲೆ ಬರೆದದ್ದು, ಅವನು ಅದನ್ನು ಸುಡದೆ ಮನೆಗೆ ತಂದದ್ದು ಅದೇ ಮೊದಲು.

ಅರ್ಜಿ ಹಾಕುವ ಕಾಲ ಬರುವ ಮೊದಲೇ ಎದುರು ಪಕ್ಷ ಆಳುತ್ತಿದ್ದ ರಾಜ್ಯಗಳು ಕೋರ್ಟಿಗೆ ಹೋಗಿ ಆದೇಶಕ್ಕೆ ತಡೆ ತಂದವು. ರೇಡಿಯೋದಲ್ಲಿ ಹಿಗ್ಗಿದವರಲ್ಲಿ ಕುಬೇನಾನೂ ಒಬ್ಬ. ನಾವೆಲ್ಲ ಅವನಿಗೆ ಹಿಡಿಶಾಪ ಹಾಕಿದೆವು.

ಮೇ ಮೂರು ಬಂತು. ಫಿದೆನ್ಸಿಯೊ ಕಟ್ಟುತ್ತಿದ್ದ ಊರಿನ ಹೊಸ ಅಗ್ನಿಶಾಮಕ ಠಾಣೆಯ ಗೋಡೆಯ ನೆತ್ತಿಯ ಮೇಲೆ, ಹೆದ್ದಾರಿಗೆ ಕಾಣುವಂತೆ, ಕಾಗದದ ಹೂ ಸುತ್ತಿದ ಆಳೆತ್ತರದ ಶಿಲುಬೆ ನಿಂತಿತು. ಮಧ್ಯಾಹ್ನ ಕುಬೇನಾನ ಗಾಡಿ ಬಂತು. ಹೊಗೆಯಲ್ಲಿ ಬೇಯಿಸಿದ ಮಾಂಸದ ದೊಡ್ಡ ತಟ್ಟೆ ಇಳಿಸಿ, "ಅವಳಿದ್ದಿದ್ರೆ ಇನ್ನೂ ಚೆನ್ನಾಗಿ ಮಾಡ್ತಿದ್ಲು" ಎಂದಷ್ಟೇ ಹೇಳಿ, ಯಾರ ಮುಖವನ್ನೂ ನೋಡದೆ ಹೊರಟ.

ಫಿದೆನ್ಸಿಯೊ ಬಾಗಿಲ ಪಕ್ಕದ ಹಸಿ ಗಾರೆಯಲ್ಲಿ, ಕಣ್ಣಿನ ಎತ್ತರಕ್ಕೆ, ಇಸವಿ ಗೀಚಿದ. ಕರಣೆ ಅಲ್ಲಿಗೇ ನಿಲ್ಲಲಿಲ್ಲ.

"ಅಪ್ಪ, ಪೂರ್ತಿ ಹೆಸರು ಬರೀತಿದ್ದೀಯಾ! ಎಲ್ರಿಗೂ ಕಾಣತ್ತೆ!"

"ಕಾಣ್ಲಿ ಬಿಡು," ಎಂದು ಕೊನೆಯ ಅಕ್ಷರವನ್ನೂ ಬರೆದು ಮುಗಿಸಿದ.